ನಿಮ್ಮೂರಿನ ನಲ್ಲಿ ನೀರಿನ ಲೆಕ್ಕ: ಹುಡುಕೋದು, ಹೊಂದಿಸೋದು, ಹಂಚೋದು

ನಮ್ಮೂರ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ನೀರಿನ ಟ್ಯಾಂಕ್ ಇದೆ. ಅದರ ಹೊಟ್ಟೆಯ ಮೇಲೆ ಮಾಸಿದ ಬಣ್ಣದಲ್ಲಿ 50,000 ಅಂತ ಬರೆದಿದೆ. ಊರಿನ ನೀರಿನ ಲೆಕ್ಕ ಮೊದಲ ಸಲ ಬರೆಯಲು ಕೂತಾಗ ನಾನು ಅದನ್ನು 50,000 ಲೀಟರ್ ಅಂತಲೇ ಹಾಕಿಕೊಂಡೆ. ಎರಡು ವಾರ ಕಳೆದರೂ ಲೆಕ್ಕ ಹೊಂದಲಿಲ್ಲ. ಆ ಟ್ಯಾಂಕಿನಿಂದ ನೀರು ಹೋಗುವ ಬೀದಿಗಳಿಗೆ ಅಷ್ಟು ನೀರು ಸಾಲುವ ಮಾತೇ ಇರಲಿಲ್ಲ. ಕೊನೆಗೆ ಅಲ್ಲಿ ವಾಲ್ವ್ ತಿರುಗಿಸಿ ನೀರು ಬಿಡುವ ನೀರುಗಂಟಿಯನ್ನೇ ಕೇಳಿದೆ. ಅವರು ನಕ್ಕು, "ಅದು ಲೀಟರ್ ಅಲ್ಲ ಸಾರ್, ಗ್ಯಾಲನ್" ಎಂದರು. ಒಂದು ಗ್ಯಾಲನ್ ಅಂದರೆ ಸುಮಾರು 4.55 ಲೀಟರ್. ನನ್ನ 50,000 ಆ ಒಂದು ಮಾತಿಗೆ 2.27 ಲಕ್ಷ ಲೀಟರ್ ಆಯಿತು.

ಈ ಕೆಲಸವೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅಂಕಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ: ಪಂಪ್‌ಹೌಸಿನ ಲಾಗ್ ಪುಸ್ತಕದಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಪುರಸಭೆಯ ಕಂದಾಯ ಶಾಖೆಯಲ್ಲಿ, ಲ್ಯಾಬ್ ವರದಿಯಲ್ಲಿ, ಇಲ್ಲವೇ ನೀರುಗಂಟಿಯ ತಲೆಯಲ್ಲಿ. ಆದರೆ ಇವು ಒಂದರ ಮುಖ ಇನ್ನೊಂದು ನೋಡಿರುವುದಿಲ್ಲ. ಇವನ್ನೆಲ್ಲ ಒಂದೇ ಹಾಳೆಗೆ ತಂದು, ಪಕ್ಕಪಕ್ಕ ಕೂರಿಸಿ, ಬೇರೆಯವರೂ ಬಳಸುವ ಹಾಗೆ ಇಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಇಂಜಿನಿಯರ್ ಆಗಿರಬೇಕಿಲ್ಲ. ಕೂಡಿ ಕಳೆದು ಭಾಗಿಸಲು ಬಂದರೆ ಸಾಕು. ಸ್ವಲ್ಪ ಓಡಾಟ ಮಾತ್ರ ಇದೆ.

ಮೊದಲು: ನಿಮಗೆ ನೀರು ಕೊಡುವವರು ಯಾರು?

ಇದು ಸುಲಭದ ಪ್ರಶ್ನೆ ಅನ್ನಿಸುತ್ತದೆ, ಆದರೆ ಅಲ್ಲ. ಬೆಂಗಳೂರಿನಲ್ಲಿ ಉತ್ತರ ನೇರ: 1964ರ ಕಾಯ್ದೆಯಡಿ ಹುಟ್ಟಿದ ಜಲಮಂಡಳಿ. ಬೇರೆ ಊರುಗಳಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಯೋಜನೆ ಕಟ್ಟುತ್ತದೆ. ಕಟ್ಟಿದ ಮೇಲೆ ಸಾಮಾನ್ಯವಾಗಿ ನಗರಸಭೆ ಅಥವಾ ಪುರಸಭೆಯ ಕೈಗೆ ಬರುತ್ತದೆ. ಕೆಲವು ಕಡೆ ನದಿಯಿಂದ ಊರ ಬಾಗಿಲ ತನಕ ಮಂಡಳಿ, ಅಲ್ಲಿಂದ ಬೀದಿಗೆ ಪುರಸಭೆ. ಹಳ್ಳಿಗಳಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆ ಕಟ್ಟಿದ್ದನ್ನು ಗ್ರಾಮ ಪಂಚಾಯಿತಿ ನಡೆಸುತ್ತದೆ. ಇದು ಗೊತ್ತಿಲ್ಲದೆ ಅರ್ಜಿ ಹಾಕಿದರೆ ಒಂದು ಕಚೇರಿ ಇನ್ನೊಂದರ ಕಡೆ ಬೆರಳು ತೋರಿಸುತ್ತದೆ. ಒಂದು ಕಾಗದದ ಮೇಲೆ ನೀರಿನ ದಾರಿ ಬರೆದುಕೊಳ್ಳಿ: ಮೂಲ, ಜಾಕ್‌ವೆಲ್ (ಮೂಲದಿಂದ ನೀರೆತ್ತುವ ಬಾವಿ), ಶುದ್ಧೀಕರಣ ಘಟಕ, ಮೇಲ್ತೊಟ್ಟಿ, ವಾಲ್ವ್, ಮನೆ. ಪ್ರತಿ ಹೆಸರಿನ ಮುಂದೆ ಅದನ್ನು ನೋಡಿಕೊಳ್ಳುವ ಕಚೇರಿ ಬರೆಯಿರಿ. ಈ ಕಾಗದ ಕೊನೆಯವರೆಗೂ ಬೇಕಾಗುತ್ತದೆ.

ಇನ್ನು, ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೋಗಬೇಡಿ. ಒಂದೇ ಊರು, ಒಂದೇ ವರ್ಷ, ಏಪ್ರಿಲ್‌ನಿಂದ ಮಾರ್ಚ್. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಸೇವಾ ಮಟ್ಟದ ಮಾನದಂಡಗಳು ಅಂತ ಹೊರತಂದಿತು. ಅದರಲ್ಲಿ ನೀರು ಸರಬರಾಜಿಗೆ 9 ಅಂಶಗಳಿವೆ. ಎಷ್ಟು ಮನೆಗೆ ನಲ್ಲಿ ಇದೆ, ತಲೆಗೆ ಎಷ್ಟು ಲೀಟರ್, ಎಷ್ಟು ಮೀಟರ್, ಎಷ್ಟು ಸೋರಿಕೆ, ದಿನಕ್ಕೆ ಎಷ್ಟು ಗಂಟೆ, ಗುಣಮಟ್ಟ, ದೂರು ಪರಿಹಾರ, ಖರ್ಚು ಗಿಟ್ಟುತ್ತದಾ, ಬಿಲ್ ವಸೂಲಿ ಆಗುತ್ತದಾ. ಗುರಿಯೂ ಅದರಲ್ಲೇ ಇದೆ: ದಿನಕ್ಕೆ ತಲೆಗೆ 135 ಲೀಟರ್, 24 ಗಂಟೆ, ಲೆಕ್ಕಕ್ಕೆ ಸಿಗದ ನೀರು 20% ಮೀರಬಾರದು, ವಸೂಲಿ 90%. ಹೊಸದಾಗಿ ಏನೂ ಕಂಡುಹಿಡಿಯಬೇಡಿ, ಈ ಪಟ್ಟಿಯನ್ನೇ ಇಟ್ಟುಕೊಳ್ಳಿ. ಆಗ ನಿಮ್ಮ ಹಾಳೆಯನ್ನು ಬೇರೆ ಊರಿನ ಹಾಳೆಯ ಪಕ್ಕ ಇಡಬಹುದು. ಹಳ್ಳಿಯಾದರೆ ಗುರಿ ಬೇರೆ. 2019ರ ಜಲ ಜೀವನ್ ಮಿಷನ್, ಅಂದರೆ ನಮ್ಮಲ್ಲಿ ಮನೆ ಮನೆಗೆ ಗಂಗೆ, ತಲೆಗೆ 55 ಲೀಟರ್ ಎನ್ನುತ್ತದೆ.

ಕೂತಲ್ಲೇ ಸಿಗುವುದು

ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಬಿ) ಪ್ರಕಾರ ಪ್ರತಿ ಕಚೇರಿ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಹೆಚ್ಚಿನ ಪುರಸಭೆಗಳ ಜಾಲತಾಣದಲ್ಲಿ ಇದರ ಪಿಡಿಎಫ್ ಸಿಗುತ್ತದೆ, ಹಳೆಯದಾದರೂ ಸರಿ. ಬಜೆಟ್ ಪುಸ್ತಕ ತೆಗೆಯಿರಿ. ನೀರಿನ ಕಂದಾಯದ ಆದಾಯ ಒಂದು ಸಾಲು, ಪಂಪಿಂಗ್ ವಿದ್ಯುತ್ ಖರ್ಚು ಇನ್ನೊಂದು ಸಾಲು. ಈ ಎರಡೇ ಸಾಲು ಅರ್ಧ ಕತೆ ಹೇಳುತ್ತವೆ. ಬಜೆಟ್‌ನಲ್ಲಿ "ಅಂದಾಜು", "ಪರಿಷ್ಕೃತ", "ವಾಸ್ತವ" ಅಂತ ಮೂರು ಕಾಲಂ ಇರುತ್ತವೆ. ವಾಸ್ತವದ್ದನ್ನೇ ತೆಗೆದುಕೊಳ್ಳಿ. ಹಳ್ಳಿಗಳ ಮಾಹಿತಿ ಜಲ ಜೀವನ್ ಮಿಷನ್ ಡ್ಯಾಶ್‌ಬೋರ್ಡಿನಲ್ಲಿ ಊರಿನ ಮಟ್ಟದವರೆಗೆ ಸಿಗುತ್ತದೆ. ಆದರೆ ಅಲ್ಲಿರುವುದು ನಲ್ಲಿ ಹಾಕಿದ ಲೆಕ್ಕ. ನಲ್ಲಿ ಇರುವುದೂ ನೀರು ಬರುವುದೂ ಒಂದೇ ಅಲ್ಲ, ಅಲ್ವಾ?

ದೊಡ್ಡ ಒಟ್ಟು ಸಂಖ್ಯೆ ಕಂಡಾಗ ಅದರ ಹಿಂದಿನ ಪಟ್ಟಿ ಕೇಳುವ ಅಭ್ಯಾಸ ಮಾಡಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಯೇ ಹೇಳಿದರು. ಆ ಸಂಖ್ಯೆ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ಒಂದು ವಾರ್ಡಿನಲ್ಲಿ ಇರುವವರಿಗೆ ಬೇಕಾದದ್ದು ಯಾವ ಬೋರ್‌ವೆಲ್, ಯಾವ ಬೀದಿ, ಎಂದಿನಿಂದ ಅನ್ನುವ ಪಟ್ಟಿ. ಒಟ್ಟು ಮೊತ್ತ ಸುದ್ದಿಗೆ ಸಾಕು, ಕೆಲಸಕ್ಕೆ ಸಾಲದು.

ನೀರುಗಂಟಿಯ ಜೊತೆ ಒಂದು ಬೆಳಗ್ಗೆ

ಈ ಹಂತವನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ ಇದೇ ಮುಖ್ಯ.

ಬೆಳಗ್ಗೆ ಐದೂವರೆಗೆ ಹೋಗಿ ನಿಂತುಕೊಳ್ಳಿ. ಕೈಯಲ್ಲಿ ಇಂಗ್ಲಿಷ್ ಟಿ ಆಕಾರದ ಉದ್ದನೆಯ ಕಬ್ಬಿಣದ ಕೀ ಹಿಡಿದು ನೀರುಗಂಟಿ ಬರುತ್ತಾರೆ. ರಸ್ತೆ ಬದಿಯ ಗುಂಡಿಯ ಮುಚ್ಚಳ ಸರಿಸಿ, ಕೀ ಇಳಿಸಿ, ಎಣಿಸುತ್ತಾ ತಿರುಗಿಸುತ್ತಾರೆ. ನಮ್ಮ ಬಡಾವಣೆಗೆ ಹನ್ನೊಂದು ಸುತ್ತು. ಮೇಲಿನ ಬೀದಿಗೆ ಪೂರ್ತಿ ತೆರೆಯಬೇಕು, ಇಳಿಜಾರಿನವರಿಗೆ ನಾಲ್ಕೇ ಸುತ್ತು. ಇಲ್ಲದಿದ್ದರೆ ನೀರೆಲ್ಲ ಕೆಳಗಿನವರಿಗೇ ಹೋಗುತ್ತದೆ. ಇದು ಯಾವ ನಕ್ಷೆಯಲ್ಲೂ ಇಲ್ಲ. ಕೆಲವರ ಜೇಬಿನಲ್ಲಿ ಒಂದು ಸಣ್ಣ ಡೈರಿ ಇರುತ್ತದೆ: ಯಾವ ದಿನ ಯಾವ ಏರಿಯಾ, ಎಷ್ಟು ಹೊತ್ತು. ಕೇಳಿದರೆ ತೋರಿಸುತ್ತಾರೆ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಹೆಸರು ಎಲ್ಲೂ ಹಾಕುವುದಿಲ್ಲ ಎಂದು ಹೇಳಿ, ಹಾಗೇ ನಡೆದುಕೊಳ್ಳಿ. ಅವರಲ್ಲಿ ಎಷ್ಟೋ ಜನ ಗುತ್ತಿಗೆ ನೌಕರರು. ನಿಮ್ಮ ಹಾಳೆಯಿಂದ ಅವರ ಕೆಲಸಕ್ಕೆ ಕುತ್ತು ಬರಬಾರದು.

ನೀರುಗಂಟಿಯ ಹಿತ ಮೊದಲು ನೋಡಿ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. 2011ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ನೆಕ್ಸ್ಟ್‌ಡ್ರಾಪ್ ಅನ್ನುವ ಸಂಸ್ಥೆ ಒಂದು ಸೇವೆ ಶುರು ಮಾಡಿತು. ವಾಲ್ವ್ ತೆರೆದ ಕೂಡಲೇ ವಾಲ್ವ್‌ಮನ್, ಅಂದರೆ ನೀರುಗಂಟಿ, ಒಂದು ಫೋನ್ ಮಾಡಬೇಕಿತ್ತು. ಆ ಪ್ರದೇಶದ ಮನೆಗಳಿಗೆ ನೀರು ಬರುತ್ತಿದೆ ಎಂದು ಎಸ್ಎಂಎಸ್ ಹೋಗುತ್ತಿತ್ತು. ವಾರಕ್ಕೊಮ್ಮೆ ನೀರು ಬರುವ ಊರಿನಲ್ಲಿ ಇದೆಷ್ಟು ಅನುಕೂಲ ಅಂತ ಬೇರೆ ಹೇಳಬೇಕಿಲ್ಲ. ಆಮೇಲೆ ಅದೇ ಸೇವೆ ಬೆಂಗಳೂರಿಗೆ ಬಂತು. ಸಂಶೋಧಕರು ಅಲ್ಲಿ ಪರೀಕ್ಷಿಸಿ ನೋಡಿದಾಗ, ವಾಲ್ವ್‌ಮನ್‌ಗಳ ಕಡೆಯಿಂದ ವರದಿ ಸರಿಯಾಗಿ ಬರದೇ ಇದ್ದದ್ದೇ ದೊಡ್ಡ ತೊಡಕು ಅಂತ ಗೊತ್ತಾಯಿತು. ಸೇವೆ ಎಷ್ಟೇ ಚೆನ್ನಾಗಿರಲಿ, ಕೀ ಹಿಡಿದವರಿಗೆ ಅದರಿಂದ ಏನು ಲಾಭ ಅನ್ನುವ ಪ್ರಶ್ನೆಗೆ ಉತ್ತರ ಬೇಕು.

ಅದೇ ದಿನ ಒಂದು ಬಕೆಟ್ ಪರೀಕ್ಷೆಯನ್ನೂ ಮಾಡಿ. 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. 50 ಸೆಕೆಂಡ್ ಆದರೆ ನಿಮಿಷಕ್ಕೆ 12 ಲೀಟರ್, ಗಂಟೆಗೆ 720. ಮೂರು ದಿನಕ್ಕೊಮ್ಮೆ ಎರಡು ಗಂಟೆ ಬಿಟ್ಟರೆ 1,440 ಲೀಟರ್. ಮನೆಯಲ್ಲಿ ಐದು ಜನ ಇದ್ದರೆ ದಿನಕ್ಕೆ ತಲೆಗೆ 96. ಟ್ಯಾಂಕಿನ ಹತ್ತಿರದ ಮನೆ, ನಡುವಿನ ಮನೆ, ಲೈನಿನ ಕೊನೇ ಮನೆ, ಈ ಮೂರು ಕಡೆ ಮಾಡಿ. ನಲ್ಲಿಗೆ ಮೋಟರ್ ಹಾಕಿ ಎಳೆಯುವವರ ಮನೆಯಲ್ಲಿ ಮಾಡಬೇಡಿ, ಅಥವಾ ಮಾಡಿ, ಆದರೆ ಹಾಗಂತ ಬರೆದುಕೊಳ್ಳಿ.

ಆರ್‌ಟಿಐ ಅರ್ಜಿ: ಸಣ್ಣದಾಗಿ, ನಿಖರವಾಗಿ

ಮೊದಲು ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ಕೇಳಿ. ಅರ್ಧದಷ್ಟು ಅಲ್ಲೇ ಸಿಗಬಹುದು. ಸಿಗದಿದ್ದರೆ ಅರ್ಜಿ. ಕರ್ನಾಟಕದ ನಿಯಮದಲ್ಲಿ ಎರಡು ವಿಷಯ ನೆನಪಿರಲಿ: ಒಂದು ಅರ್ಜಿಗೆ ಒಂದೇ ವಿಷಯ, ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ನಮೂನೆ-ಎ ತುಂಬಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ರಾಜ್ಯದ ಆರ್‌ಟಿಐ ಆನ್‌ಲೈನ್ ತಾಣದಲ್ಲೂ ಹಾಕಬಹುದು.

ನನ್ನ ಮೊದಲ ಅರ್ಜಿಯಲ್ಲಿ "ನೀರು ಸರಬರಾಜಿಗೆ ಸಂಬಂಧಿಸಿದ ಎಲ್ಲ ಮಾಹಿತಿ" ಕೇಳಿದ್ದೆ. ಅವರೂ ಬಿಡಲಿಲ್ಲ. ಪುಟಕ್ಕೆ 2 ರೂಪಾಯಿಯಂತೆ ದುಡ್ಡು ಕಟ್ಟಿಸಿಕೊಂಡು ಒಂದು ಕಟ್ಟು ಜೆರಾಕ್ಸ್ ಕೊಟ್ಟರು. ಮುಕ್ಕಾಲು ಪಾಲು ಟೆಂಡರ್ ಷರತ್ತುಗಳು. ತಪ್ಪು ನನ್ನದೇ. ಈಗ ಹೀಗೆ ಬರೆಯುತ್ತೇನೆ:

"2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ, ಪಟ್ಟಣದ ಕುಡಿಯುವ ನೀರಿನ ಪಂಪ್‌ಹೌಸ್‌ಗಳಿಗೆ ಸಂಬಂಧಿಸಿದಂತೆ: 1. ಪ್ರತಿ ತಿಂಗಳ ವಿದ್ಯುತ್ ಬಿಲ್‌ಗಳ ನಕಲು. 2. ಪಂಪ್ ಚಾಲನೆಯ ಲಾಗ್ ಪುಸ್ತಕದ ನಕಲು. 3. ಬಲ್ಕ್ ಮೀಟರ್ ಇದ್ದಲ್ಲಿ ಅದರ ತಿಂಗಳವಾರು ರೀಡಿಂಗ್. ಮಾಹಿತಿ ಕಂಪ್ಯೂಟರಿನಲ್ಲಿ ಇದ್ದರೆ ಎಕ್ಸೆಲ್ ಕಡತವಾಗಿಯೇ ಕೊಡಬೇಕಾಗಿ ಕೋರುತ್ತೇನೆ."

ಬಲ್ಕ್ ಮೀಟರ್ ಅಂದರೆ ದೊಡ್ಡ ಕೊಳವೆಯಲ್ಲಿ ಹರಿಯುವ ಒಟ್ಟು ನೀರು ಅಳೆಯುವ ಮೀಟರ್. "ಯಾಕೆ", "ಹೇಗೆ" ಅಂತ ಕೇಳಬೇಡಿ. ಇರುವ ದಾಖಲೆಯ ಹೆಸರು ಹೇಳಿ ಕೇಳಿ. ಬಿಲ್ ವಸೂಲಿ ಬೇಕಾದರೆ "ನೀರಿನ ಕಂದಾಯದ ಡಿಸಿಬಿ ತಃಖ್ತೆ" ಎನ್ನಿ. ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ ಅದು. ಕಂದಾಯ ಶಾಖೆಯವರಿಗೆ ಆ ಹೆಸರು ಹೇಳಿದ ಕೂಡಲೇ ಅರ್ಥವಾಗುತ್ತದೆ. 30 ದಿನದೊಳಗೆ ಉತ್ತರ ಬರಬೇಕು. ತಡವಾದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ತಪ್ಪು ಕಚೇರಿಗೆ ಹಾಕಿದ್ದರೆ ಅವರೇ 5 ದಿನದಲ್ಲಿ ಸರಿಯಾದ ಕಡೆಗೆ ವರ್ಗಾಯಿಸಬೇಕು. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದ ದಾರಿ ಉದ್ದ, ಆದಷ್ಟು ಮೊದಲ ಮೇಲ್ಮನವಿಯಲ್ಲೇ ಮುಗಿಸಿಕೊಳ್ಳಿ.

ಕರೆಂಟ್ ಬಿಲ್ ಸುಳ್ಳು ಹೇಳುವುದಿಲ್ಲ

ಊರಿಗೆ ಎಷ್ಟು ನೀರು ಬಂತು ಅನ್ನುವುದಕ್ಕೆ ಕಚೇರಿಯ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಪಂಪಿನ ಮೇಲೆ ಬರೆದ ಸಾಮರ್ಥ್ಯ ಗುಣಿಸು ಓಡಿದ ಗಂಟೆ. ಹದಿನೈದು ವರ್ಷದ ಪಂಪ್ ಹೊಸದರಷ್ಟೇ ನೀರು ಎತ್ತುತ್ತದೆ ಅಂತ ನಂಬಿದ ಹಾಗೆ. ಇದನ್ನು ಸರಿನೋಡಲು ಕರೆಂಟ್ ಬಿಲ್ ಬೇಕು.

ಸೂತ್ರ ಸರಳ. 1,000 ಲೀಟರ್ ನೀರನ್ನು 100 ಮೀಟರ್ ಎತ್ತಲು ಕಡಿಮೆ ಅಂದರೂ 0.27 ಯೂನಿಟ್ ಬೇಕು. ಪಂಪು, ಮೋಟರು ನುಂಗುವುದು ಸೇರಿದರೆ ಇನ್ನೂ ಜಾಸ್ತಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರಕ್ಕೆ ಮೂರು ಹಂತದಲ್ಲಿ ಏರಿ ಬೆಂಗಳೂರಿಗೆ ಬರುತ್ತದೆ. ಇದೇ ಸೂತ್ರ ಹಾಕಿ, ಪಂಪು-ಮೋಟರು ನುಂಗುವುದನ್ನೂ ಸೇರಿಸಿದರೆ ಸಾವಿರ ಲೀಟರಿಗೆ ಎರಡು ಯೂನಿಟ್ ಹತ್ತಿರ ಬರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ಕರೆಂಟ್ ಯಾಕೆ ಅಷ್ಟು ದೊಡ್ಡದು ಎಂದು ಇಲ್ಲೇ ಗೊತ್ತಾಗುತ್ತದೆ.

ಒಂದು ಕಲ್ಪಿತ ಪಟ್ಟಣ ತೆಗೆದುಕೊಳ್ಳಿ. ಜನ 40,000. ನೀರು ಎತ್ತುವ ಎತ್ತರ, ಕೊಳವೆಯ ತಿಕ್ಕಾಟವೂ ಸೇರಿ, 60 ಮೀಟರ್. ತಿಂಗಳಿಗೆ 30,000 ಯೂನಿಟ್. ಪಂಪು-ಮೋಟರ್ ದಕ್ಷತೆ 60% ಎಂದಿಟ್ಟರೆ ಸಾವಿರ ಲೀಟರಿಗೆ 0.27 ಯೂನಿಟ್ ಖರ್ಚು. ಹಾಗಾದರೆ ತಿಂಗಳಿಗೆ 11 ಕೋಟಿ ಲೀಟರ್, ದಿನಕ್ಕೆ ಸುಮಾರು 37 ಲಕ್ಷ. ತಲೆಗೆ 92 ಲೀಟರ್. ಲಾಗ್ ಪುಸ್ತಕದಲ್ಲಿ ದಿನಕ್ಕೆ 54 ಲಕ್ಷ ಅಂತ ಇದ್ದರೆ? ಭಾಗಿಸಿ ನೋಡಿ, ಸರಿಯಾಗಿ 135 ಬರುತ್ತದೆ, ಗುರಿಯ ಅಂಕಿಯೇ! ಇಷ್ಟು ನೀಟಾಗಿ ಹೊಂದುವ ಅಂಕಿ ಕಂಡರೆ ನಾನಂತೂ ಎರಡನೇ ಸಲ ನೋಡುತ್ತೇನೆ. ಹಾಗಂತ ಕೂಡಲೇ ಕಳ್ಳತನ ಅನ್ನಬೇಡಿ. ಒಂದು ಬಿಲ್ ಕೈಬಿಟ್ಟಿರಬಹುದು, ಬೋರ್‌ವೆಲ್ ನೀರು ಬೇರೆ ಮೀಟರಿನಲ್ಲಿರಬಹುದು.

ಜನಸಂಖ್ಯೆಯಲ್ಲೂ ಒಂದು ಗುಂಡಿ ಇದೆ. ಪೂರ್ತಿ ಪ್ರಕಟವಾದ ಕೊನೆಯ ಜನಗಣತಿ 2011ರದು. ಅದರಲ್ಲಿ ಇದೇ ಪಟ್ಟಣದಲ್ಲಿ 32,000 ಜನ ಇದ್ದರು ಅನ್ನಿ. ಹಳೆಯ ಅಂಕಿಯಿಂದ ಭಾಗಿಸಿದರೆ ಅದೇ ನೀರು ತಲೆಗೆ 115 ಲೀಟರ್ ಆಗಿಬಿಡುತ್ತದೆ. ನೀರು ಒಂದು ಹನಿ ಹೆಚ್ಚಿಲ್ಲ. ಯಾವ ವರ್ಷದ ಜನಸಂಖ್ಯೆ ಬಳಸಿದಿರಿ ಎಂದು ಪಕ್ಕದಲ್ಲೇ ಬರೆಯಿರಿ.

ಸೋರಿಕೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬಿಟ್ಟ ನೀರಿನಲ್ಲಿ ಬಿಲ್ ಆದ ನೀರು ಕಳೆದರೆ ಉಳಿದದ್ದು ಲೆಕ್ಕಕ್ಕೆ ಸಿಗದ ನೀರು. ಆದರೆ ಮನೆಗಳಿಗೆ ಮೀಟರೇ ಇಲ್ಲದೆ ತಿಂಗಳಿಗೆ ಇಂತಿಷ್ಟು ಎಂದು ಬಿಲ್ ಹಾಕುವ ಊರಿನಲ್ಲಿ ಈ ಲೆಕ್ಕ ಬರೀ ಅಂದಾಜು. ಅಂಥ ಊರಿನವರು 20% ಅಂದರೆ ಕೇಳಿಸಿಕೊಳ್ಳಿ, ಹಾಳೆಯಲ್ಲಿ "ಅಂದಾಜು" ಎಂದು ಸೇರಿಸಿ.

ನೀರಿನ ಗುಣ

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500, 2012ರದು. ಎಲ್ಲ ಅಂಶಗಳ ಹಿಂದೆ ಹೋಗಬೇಡಿ. ಉಳಿಕೆ ಕ್ಲೋರಿನ್, ಅಂದರೆ ಶುದ್ಧೀಕರಿಸಿದ ಮೇಲೂ ನೀರಿನಲ್ಲಿ ಉಳಿದಿರುವ ಕ್ಲೋರಿನ್, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೈಟ್ರೇಟ್ 45 ಮೀರಬಾರದು. ಫ್ಲೋರೈಡ್ 1.0 ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೂ 1.5 ದಾಟಬಾರದು. ಪಾವಗಡದ ಕಡೆಯವರಿಗೆ ಈ ಸಂಖ್ಯೆ ಬಾಯಿಪಾಠ. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಕಾಣಬಾರದು. ಕ್ಲೋರಿನ್ ಕಿಟ್ ಮನೆಯಲ್ಲೇ ಬಳಸಬಹುದು. ಹನಿ ಹಾಕಿದ ಮೇಲೆ ನೀರು ಹಳದಿಯಾಗುತ್ತದೆ, ಬಣ್ಣವನ್ನು ಪಟ್ಟಿಗೆ ಹೋಲಿಸಿದರೆ ಆಯಿತು. ಉಳಿದದ್ದಕ್ಕೆ ಜಿಲ್ಲಾ ನೀರಿನ ಲ್ಯಾಬ್.

ನೀರು ಬಂದ ಮೊದಲ ನಿಮಿಷದ ಒಂದು ಮಾದರಿ, ಅರ್ಧ ಗಂಟೆ ನಂತರದ ಇನ್ನೊಂದು ಮಾದರಿ ತೆಗೆಯಿರಿ. ಹುಬ್ಬಳ್ಳಿ-ಧಾರವಾಡದಲ್ಲಿ 24 ಗಂಟೆ ನೀರು ಬರುವ ವಲಯಗಳನ್ನೂ ಬಿಟ್ಟು ಬಿಟ್ಟು ಬರುವ ವಲಯಗಳನ್ನೂ ಹೋಲಿಸಿ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ಬರುವ ನೀರಿನಲ್ಲೇ ಕಲ್ಮಶ ತುಂಬಾ ಹೆಚ್ಚು ಕಂಡಿತ್ತು. ಖಾಲಿ ಕೊಳವೆ ಹೊರಗಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಸಮಯ ಬರೆಯದ ಲ್ಯಾಬ್ ವರದಿಗೆ ಅರ್ಧ ಬೆಲೆ.

ಹಾಳೆಗೆ ಇಳಿಸುವುದು

ಒಂದು ಸಾಲಿಗೆ ಒಂದೇ ಅಂಕಿ. ಕಾಲಂಗಳು ಇಷ್ಟಿರಲಿ: ಊರು, ಜಾಗ, ತಿಂಗಳು, ಏನು ಅಳೆದದ್ದು, ಅಂಕಿ, ಅಳತೆ, ಎಲ್ಲಿಂದ ಸಿಕ್ಕಿತು, ಟಿಪ್ಪಣಿ. ಅಳತೆಯ ಕಾಲಂ ಬಿಡಬೇಡಿ, ನನ್ನ ಗ್ಯಾಲನ್ ಕತೆ ನೆನಪಿರಲಿ. 1 ಎಂಎಲ್‌ಡಿ ಅಂದರೆ ದಿನಕ್ಕೆ 10 ಲಕ್ಷ ಲೀಟರ್. ಕಚೇರಿಯವರು ಲಕ್ಷ ಲೀಟರ್, ಕಿಲೋಲೀಟರ್, ಎಂಎಲ್‌ಡಿ ಮೂರನ್ನೂ ಒಂದೇ ಪುಟದಲ್ಲಿ ಬೆರೆಸಿರುತ್ತಾರೆ. ಮಾಹಿತಿ ಇಲ್ಲದ ಕಡೆ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಅಂದರೆ ನೀರು ಬರಲಿಲ್ಲ ಅಂತ ಅರ್ಥ.

ಕನ್ನಡದ್ದೇ ಆದ ಒಂದು ತಲೆನೋವಿದೆ. ಹಳೇ ಕಡತಗಳು ನುಡಿ ಫಾಂಟಿನಲ್ಲಿರುತ್ತವೆ. ಕಾಪಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಗೀಚು ಬರುತ್ತದೆ. ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಇನ್ನು, ೧೨೩ ಎಂದು ಕನ್ನಡ ಅಂಕಿಯಲ್ಲಿ ಟೈಪ್ ಮಾಡಿದ್ದನ್ನು ಎಕ್ಸೆಲ್ ಸಂಖ್ಯೆ ಎಂದು ಒಪ್ಪದೇ ಹೋಗಬಹುದು, ಒಟ್ಟು ಮೊತ್ತ ಸೊನ್ನೆ ತೋರಿಸುತ್ತದೆ. ಹಾಳೆಯಲ್ಲಿ 123 ಅಂತಲೇ ಇರಲಿ. ಊರ ಹೆಸರು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬಂದರೆ ಕಂಪ್ಯೂಟರಿಗೆ ಅವು ಎರಡು ಊರು. ಕೇಂದ್ರ ಸರ್ಕಾರದ ಸ್ಥಳೀಯ ಸಂಸ್ಥೆಗಳ ಡೈರೆಕ್ಟರಿಯಲ್ಲಿ ಪ್ರತಿ ಊರಿಗೂ ಒಂದು ಕೋಡ್ ಇದೆ. ಅದನ್ನೂ ಒಂದು ಕಾಲಂ ಮಾಡಿ.

ಹಂಚುವ ಮೊದಲು, ಹಂಚಿದ ಮೇಲೆ

ಮೊದಲು ಹಾಳೆಯನ್ನು ನೀರಿನ ವಿಭಾಗದ ಇಂಜಿನಿಯರಿಗೆ ತೋರಿಸಿ, ಒಂದು ವಾರ ಸಮಯ ಕೊಡಿ. ನಾನು ಹೀಗೆ ತೋರಿಸಿದಾಗ ನನ್ನ ಎರಡು ತಪ್ಪು ಸಿಕ್ಕಿದವು, ಅವರದೊಂದು ಸಿಕ್ಕಿತು. ಅವರು ಒಪ್ಪದ ಅಂಕಿ ಇದ್ದರೆ ಎರಡನ್ನೂ ಹಾಕಿ: ಕಚೇರಿ ಹೇಳುವುದು ಇಷ್ಟು, ಬಿಲ್ಲಿನಿಂದ ಬಂದದ್ದು ಇಷ್ಟು.

ಡಿಸಿಬಿ ಪಟ್ಟಿಯಲ್ಲಿ ಮನೆ ಮಾಲೀಕರ ಹೆಸರು, ಫೋನ್, ಸಂಪರ್ಕದ ಸಂಖ್ಯೆ ಇರುತ್ತದೆ. ಅವನ್ನೆಲ್ಲ ಅಳಿಸಿ, ವಾರ್ಡ್‌ವಾರು ಮೊತ್ತ ಮಾತ್ರ ಇಡಿ. ಪಕ್ಕದ ಮನೆಯವರ ಬಾಕಿ ಎಷ್ಟು ಅನ್ನೋದು ಸಾರ್ವಜನಿಕ ಮಾಹಿತಿ ಅಲ್ಲ, ಸುಮ್ನೆ ಜಗಳಕ್ಕೆ ದಾರಿ.

ವಾಟ್ಸ್‌ಆ್ಯಪ್ ಗ್ರೂಪಿಗೆ ಟೇಬಲ್ಲಿನ ಫೋಟೋ ಹಾಕಿ ಕೈತೊಳೆದುಕೊಳ್ಳಬೇಡಿ. ಫೋಟೋದಲ್ಲಿರುವ ಅಂಕಿಯನ್ನು ಯಾರೂ ಕೂಡಿಸಲಾರರು. ಫೋಟೋದ ಜೊತೆಗೆ ಸಿಎಸ್‌ವಿ ಕಡತದ (ಎಕ್ಸೆಲ್‌ನಲ್ಲೂ ತೆರೆಯುವ ಸಾದಾ ಪಟ್ಟಿ) ಲಿಂಕ್ ಇರಲಿ. ಓಪನ್‌ಸಿಟಿಯಂಥ ನಗರ ಮಾಹಿತಿ ತಾಣಕ್ಕೆ ಕೊಡಬಹುದು. ಟ್ಯಾಂಕುಗಳ ಜಾಗವನ್ನು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸಬಹುದು. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು ಎಂದು ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿ. ಪರವಾನಗಿ ಹಾಕದಿದ್ದರೆ ಒಳ್ಳೆಯವರು ಬಳಸಲು ಹಿಂಜರಿಯುತ್ತಾರೆ, ಉಳಿದವರು ಹೇಗೂ ಬಳಸುತ್ತಾರೆ. ಜೊತೆಗೆ ಒಂದು ಪುಟದ ವಿವರಣೆ ಕನ್ನಡದಲ್ಲೇ ಇರಲಿ: ಏನು ಅಳೆದಿರಿ, ಹೇಗೆ, ಎಲ್ಲಿ ಅನುಮಾನ ಇದೆ. ತಿದ್ದಿದಾಗ ಹಳೆಯ ಕಡತ ಅಳಿಸದೆ, ಹೊಸದಕ್ಕೆ ದಿನಾಂಕ ಹಾಕಿ ಪಕ್ಕದಲ್ಲಿಡಿ.

ನಾವು ತಿಂಗಳ 5ನೇ ತಾರೀಖು ಹೊಸ ಸಾಲು ಸೇರಿಸುತ್ತೇವೆ. ಮೂರು ಜನ ಇದ್ದೇವೆ, ಒಬ್ಬರಿಗೆ ಬಿಲ್, ಒಬ್ಬರಿಗೆ ಬಕೆಟ್, ನನಗೆ ಹಾಳೆ. ಹೋದ ದಸರಾ ಹೊತ್ತಿಗೆ ಹಳೇ ಬಸ್‌ಸ್ಟ್ಯಾಂಡ್ ಟ್ಯಾಂಕಿಗೆ ಹೊಸ ಬಣ್ಣ ಹೊಡೆದರು. ಈಗ ನೀಲಿ ಅಕ್ಷರದಲ್ಲಿ ಚೆಂದವಾಗಿ ಬರೆದಿದೆ: 50,000 ಲೀಟರ್. ಅದನ್ನೂ ಟಿಪ್ಪಣಿ ಕಾಲಂನಲ್ಲಿ ದಿನಾಂಕ ಸಮೇತ ಹಾಕಿದ್ದೇನೆ.